ಫ್ಯಾನ್ ಸೌಂಡ್ ಅಂದ್ರೆ ಬರೀ ಫ್ಯಾನ್ ಸೌಂಡ್ ಅಲ್ಲ

ಕ್ಯಾಟಲಾಗಲ್ಲಿ ಇಷ್ಟು ಡೆಸಿಬಲ್ ಅಂತ ಬರ್ದಿರ್ತದೆ, ನಂಬ್ಕೊಂಡು ತಂದು ಡಕ್ಟಿಗೆ, ಅಂದ್ರೆ ಗಾಳಿ ಹೋಗುವ ದೊಡ್ಡ ಕೊಳವೆಗೆ, ಜೋಡಿಸಿದ್ರೆ ಬೇರೆಯೇ ಸೌಂಡ್. ಉಡುಪಿಯ ಒಂದು ಮದುವೆ ಹಾಲಲ್ಲಿ ಇದೇ ಕಥೆ, ಓನರ್ "ಫ್ಯಾನೇ ಹಾಳು ಮಾರಾಯ್ರೆ, ಚೇಂಜ್ ಮಾಡುವ" ಅಂತ ಕೂತಿದ್ರು. ಫ್ಯಾನಿಗೆ ಎಂತದೂ ಆಗಿರ್ಲಿಲ್ಲ. 10 ಬ್ಲೇಡ್, 1440 ಆರ್‌ಪಿಎಂ, ಅಂದ್ರೆ ಸೆಕೆಂಡಿಗೆ 24 ಸುತ್ತು, ಗುಣಿಸಿದ್ರೆ 240 ಹರ್ಟ್ಸ್, ಆ ಗುಂಯ್ ಅನ್ನುವ ಸ್ವರ ಸರಿಯಾಗಿ ಅಲ್ಲೇ ಉಂಟು.

ವಿಷ್ಯ ಎಂತ ಅಂದ್ರೆ, ಫ್ಯಾನಿಂದ ಹೊರಟ ಅಲೆ ಡಕ್ಟಿನ ತುದಿ ತೆರೆದೇ ಇದ್ರೂ ಅಲ್ಲಿಂದ ವಾಪಸ್ ಬರ್ತದೆ, ಲೋ ಫ್ರೀಕ್ವೆನ್ಸಿಯಲ್ಲಂತೂ ಹೆಚ್ಚುಕಮ್ಮಿ ಪೂರ್ತಿ, ಹೋಗುವುದು ಬರುವುದು ಎರಡೂ ಸೇರಿ ಒಂದು ಕಡೆ ಜೋರು ಇನ್ನೊಂದು ಕಡೆ ಮೆತ್ತಗೆ, ಹಾಗಾಗಿ ಒಂದೇ ಮೈಕ್ ಇಟ್ಟು ಓದಿದ ನಂಬರಿಗೆ ನಾನು ಬೆಲೆ ಕೊಡುದಿಲ್ಲ. ಡಕ್ಟ್ ಗೋಡೆಗೆ ಎರಡು ಮೈಕ್ 20 ಸೆಂಟಿಮೀಟರ್ ಅಂತರದಲ್ಲಿ ಕೂರಿಸಿದ್ರೆ ಎರಡೂ ಅಲೆಗಳನ್ನ ಲೆಕ್ಕದಲ್ಲಿ ಬೇರೆ ಮಾಡ್ಬಹುದು. ಮೊದಲು ಎರಡನ್ನೂ ಅದಲುಬದಲು ಮಾಡಿ ಕ್ಯಾಲಿಬ್ರೇಟ್ ಮಾಡ್ಲೇಬೇಕು, ಎರಡು ಮೈಕಿನ ಫೇಸಲ್ಲಿ, ಅಂದ್ರೆ ಅಲೆಯ ಏರಿಳಿತ ಹಿಡಿಯುವ ಸಮಯದಲ್ಲಿ, ಸಣ್ಣ ವ್ಯತ್ಯಾಸ ಇದ್ರೂ ಉತ್ತರ ಕೆಟ್ಟುಹೋಗ್ತದೆ. ನಮ್ಮ ಜೂನ್-ಜುಲೈ ಮಳೆಯಲ್ಲಿ ಮೈಕೊಳಗೆ ತೇವ ಕೂತು ಪಟಪಟ ಅಂತದೆ, ಸಿಲಿಕಾ ಜೆಲ್ ಡಬ್ಬಿ ಬಿಟ್ಟು ನಾನು ಎಲ್ಲಿಗೂ ಹೋಗುದಿಲ್ಲ.

ಇಷ್ಟಾದ್ರೂ ಫ್ಯಾನಿನ ಸ್ವಂತ ಗುಣ ಸಿಗುದಿಲ್ಲ. ಅದಕ್ಕೆ ಎರಡು ಗೊತ್ತಿಲ್ಲದ ಸಂಗತಿ ಉಂಟು: ಎಷ್ಟು ಸೌಂಡ್ ಹುಟ್ಟಿಸ್ತದೆ, ತಿರುಗಿ ಬಂದ ಅಲೆಯನ್ನ ಎಷ್ಟು ಪುನಃ ದೂಡ್ತದೆ. ಹಾಗಾಗಿ ಡಕ್ಟಿನ ಉದ್ದ ಬದಲಿಸಿ ಬದಲಿಸಿ ಅಳೀಬೇಕು, ಕಮ್ಮಿ ಅಂದ್ರೂ ಎರಡು ಸಲ, ಗಾಳಿಯ ಸುಳಿ ಮೈಕಿಗೆ ಬಡಿದು ಬರುವ ಸುಳ್ಳು ಸೌಂಡ್ ಬೇರೆ ಇರ್ತದಲ್ಲ, ಅದಕ್ಕೆ ಇನ್ನೂ ಜಾಸ್ತಿ ಸಲ ಅಳೆದ್ರೇ ಒಳ್ಳೇದು. ಇನ್ನೊಂದು, 400 ಮಿಲಿಮೀಟರ್ ರೌಂಡ್ ಡಕ್ಟಲ್ಲಿ ಸುಮಾರು 510 ಹರ್ಟ್ಸ್ ದಾಟಿದ್ರೆ ಅಲೆ ಸೀದಾ ಹೋಗದೆ ಅಡ್ಡಾದಿಡ್ಡಿ ಹೋಗ್ಲಿಕ್ಕೆ ಶುರು, ಎರಡು ಮೈಕಿನ ಲೆಕ್ಕ ಅಲ್ಲಿಗೇ ಮುಗೀತು. ಅದಕ್ಕಿಂತ ಮೇಲಿನ ಫ್ರೀಕ್ವೆನ್ಸಿಗೆ ಐಎಸ್ಒ 5136 ಅನ್ನುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ತರದ ವಿಧಾನವೇ ಸರಿ, ತುದಿಯಲ್ಲಿ ಸೌಂಡ್ ವಾಪಸ್ ಬರದ ಹಾಗೆ ಮಾಡಿ ಅಳೆಯುವುದು.

ಫ್ಯಾನ್ ಬದಲು ನೀರಿನ ಪಂಪಾದ್ರೆ ಈ ಅಳತೆಯ ತಲೆಬಿಸಿ ಇನ್ನೂ ಜಾಸ್ತಿ. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1480 ಮೀಟರ್ ಹೋಗ್ತದೆ, ಅದೇ ನೀರು ಪಿವಿಸಿ ಪೈಪೊಳಗೆ ಇದ್ರೆ ಪೈಪ್ ಗೋಡೆ ಉಬ್ಬಿ ಇಳಿಯುದ್ರಿಂದ ವೇಗ ಅರ್ಧಕ್ಕಿಂತ ಕೆಳಗೆ ಬರ್ತದೆ, ಪುಸ್ತಕದ ನಂಬರ್ ಹಾಕಿ ಲೆಕ್ಕ ಮಾಡಿದ್ರೆ ಎಲ್ಲ ತಪ್ಪು.

ಆ ಮದುವೆ ಹಾಲಿನವರಿಗೆ ಫ್ಯಾನ್ ಮುಟ್ಬೇಡಿ, ಡಕ್ಟಿನ ಉದ್ದ ಸ್ವಲ್ಪ ಬದಲಿಸಿ ಒಂದು ಸೈಲೆನ್ಸರ್ ಹಾಕಿ ಅಂದೆ. ಓನರಿಗೆ ಹೊಸ ಫ್ಯಾನಿನ ಮೇಲೆ ಆಸೆ ಇನ್ನೂ ಹೋಗ್ಲಿಲ್ಲ.