ಬೇಗ ಆಯ್ತಾ, ತಡ ಆಯ್ತಾ? ಹರೆಯದ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಹೈಸ್ಕೂಲ್ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು. ಅಪ್ಪ ಅಮ್ಮಂದಿರು ಮಾರ್ಕ್ಸ್ ವಿಚಾರ ಮುಗಿಸಿ, ಆಮೇಲೆ ದನಿ ತಗ್ಗಿಸಿ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. "ಮೇಡಂ, ನಮ್ಮ ಮಗಳಿಗೆ ಇಷ್ಟು ಬೇಗ ಶುರುವಾಗಿದೆ, ಪರವಾಗಿಲ್ವಾ?" ಇಲ್ಲವೇ, "ಓರಗೆಯವರಿಗೆಲ್ಲ ಮೀಸೆ ಚಿಗುರಿದೆ, ನಮ್ಮವನು ಇನ್ನೂ ಹಾಗೇ ಇದ್ದಾನೆ, ಏನಾದ್ರೂ ತೊಂದರೆ ಇದೆಯಾ?" ಮಕ್ಕಳೂ ಇದನ್ನೇ ಕೇಳುತ್ತಾರೆ, ಆದರೆ ಹೆಸರು ಬರೆಯದ ಚೀಟಿಯಲ್ಲಿ.

ನನ್ನ ಉತ್ತರ ಇಷ್ಟು: ವಯಸ್ಸೊಂದನ್ನೇ ಹಿಡಿದುಕೊಂಡು ಕೂರಬೇಡಿ. ಯಾವ ಬದಲಾವಣೆ ಮೊದಲು ಬಂತು, ಅದರ ಹಿಂದೆ ಯಾವುದು ಬಂತು, ಎಷ್ಟು ಬೇಗ ಬೇಗ ಬಂತು, ಅದನ್ನು ನೋಡಿ. ಹರೆಯ ಯಾವ ವರ್ಷ ಬರುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಅದು ನಡೆಯುವ ಕ್ರಮ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ.

ಮೊದಲು ವಯಸ್ಸಿನ ಲೆಕ್ಕ ಹೇಳಿಬಿಡುತ್ತೇನೆ. ಹುಡುಗಿಯರಲ್ಲಿ 8ರಿಂದ 13ರೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಯಾವಾಗ ಶುರುವಾದರೂ ಸರಿಯೇ. ಐದು ವರ್ಷದ ಅಂತರ ಅಂದರೆ ಕಡಿಮೆ ಏನಲ್ಲ. ಒಂದೇ ಬೆಂಚಿನಲ್ಲಿ ಕೂತ 12 ವರ್ಷದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಮೈನೆರೆದು ವರ್ಷವಾಗಿರಬಹುದು, ಇನ್ನೊಬ್ಬಳಲ್ಲಿ ಏನೂ ಶುರುವಾಗದೇ ಇರಬಹುದು. ಇಬ್ಬರಿಗೂ ಏನೂ ತೊಂದರೆ ಇಲ್ಲ. ಈ ಅಂತರದ ಅರ್ಧಕ್ಕಿಂತ ಹೆಚ್ಚು ಭಾಗ ತಂದೆ ತಾಯಿಯಿಂದ ಬಂದದ್ದು. ಹಾಗಾಗಿ ನಾನು ಯಾವಾಗಲೂ ತಿರುಗಿ ಕೇಳುತ್ತೇನೆ: ನಿಮಗೆ ಯಾವಾಗ ಆಗಿತ್ತು? ಅಪ್ಪಂದಿರು ಇದಕ್ಕೆ ಸ್ವಲ್ಪ ಯೋಚಿಸಬೇಕಾಗುತ್ತದೆ. "ಕಾಲೇಜು ಸೇರಿದ ಮೇಲೇ ನಾನು ಉದ್ದ ಆಗಿದ್ದು" ಅಂತ ನೆನಪಾದರೆ, ಮಗನ ಬಗ್ಗೆ ಇದ್ದ ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ.

ಕಾಲವೂ ಇದರಲ್ಲಿ ಕೈಯಾಡಿಸಿದೆ. 19ನೇ ಶತಮಾನದ ಮಧ್ಯದಲ್ಲಿ ಉತ್ತರ ಯುರೋಪಿನ ಹುಡುಗಿಯರಿಗೆ ಮೊದಲ ಮುಟ್ಟು ಬರುತ್ತಿದ್ದುದು ಸುಮಾರು 16-17ರಲ್ಲಿ. 20ನೇ ಶತಮಾನದ ಮಧ್ಯದ ಹೊತ್ತಿಗೆ ಅದು 13ರ ಸುತ್ತ ಬಂದು ನಿಂತಿತು. ಊಟ ಸುಧಾರಿಸಿದ್ದು, ಕಾಯಿಲೆ ಕಡಿಮೆಯಾದದ್ದು ಇದಕ್ಕೆ ದೊಡ್ಡ ಕಾರಣ. ದೇಹದ ಕೊಬ್ಬು ಲೆಪ್ಟಿನ್ ಅನ್ನುವ ಹಾರ್ಮೋನ್ ಮೂಲಕ ಮಿದುಳಿಗೆ "ದಾಸ್ತಾನು ಸಾಕಷ್ಟಿದೆ" ಅಂತ ಸುದ್ದಿ ಮುಟ್ಟಿಸುತ್ತದೆ. ತೂಕ ಜಾಸ್ತಿ ಇರುವ ಹುಡುಗಿಯರಲ್ಲಿ ಹರೆಯ ಸಾಮಾನ್ಯವಾಗಿ ಬೇಗ ಬರುವುದು, ತೀರಾ ಸಣ್ಣಗಿದ್ದು ವಿಪರೀತ ದೇಹದಂಡನೆ ಮಾಡುವವರಲ್ಲಿ ತಡವಾಗುವುದು ಇದಕ್ಕೇ.

ಈಗ ನನಗೆ ತುಂಬಾ ಇಷ್ಟದ ಭಾಗ. ಹರೆಯ ಶುರುವಾಗುವುದು ಮೈಯಲ್ಲಲ್ಲ, ತಲೆಯಲ್ಲಿ. ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಅನ್ನುವ ಪುಟ್ಟ ಜಾಗ ಇದೆ. ಅದು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದರ ಕೆಳಗೇ ಇರುವ ಪಿಟ್ಯುಟರಿ ಗ್ರಂಥಿ ಆ ಸೂಚನೆ ಸಿಕ್ಕ ಮೇಲೆ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಹುಡುಗಿಯರಲ್ಲಿ ಅಂಡಾಶಯವನ್ನೂ ಹುಡುಗರಲ್ಲಿ ವೃಷಣವನ್ನೂ ಎಚ್ಚರಿಸುತ್ತವೆ. ಆಮೇಲೆ ಅಂಡಾಶಯದಿಂದ ಈಸ್ಟ್ರೋಜನ್, ವೃಷಣದಿಂದ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನುಗಳು, ಉಳಿದದ್ದೆಲ್ಲ. ಈ ಏರ್ಪಾಡು ಹೊಸದೇನೂ ಅಲ್ಲ. ಹುಟ್ಟಿದ ಮೊದಲ ಕೆಲವು ತಿಂಗಳು ಇದು ಚೆನ್ನಾಗಿಯೇ ಕೆಲಸ ಮಾಡಿ, ಆಮೇಲೆ ವರ್ಷಗಟ್ಟಲೆ ಸುಮ್ಮನಾಗಿರುತ್ತದೆ. ಮತ್ತೆ ಏಳುವುದು ರಾತ್ರಿ, ಮಗು ನಿದ್ದೆಯಲ್ಲಿರುವಾಗ. ಶುರುವಿನಲ್ಲಿ ರಾತ್ರಿ ಮಾತ್ರ, ನಿಧಾನಕ್ಕೆ ಹಗಲಲ್ಲೂ. ಹೊರಗೆ ಒಂದು ಗುರುತೂ ಕಾಣದ ಹೊತ್ತಿನಲ್ಲಿ ಒಳಗೆ ಕೆಲಸ ಶುರುವಾಗಿರುತ್ತದೆ.

ಇದನ್ನು ಎಬ್ಬಿಸುವುದು ಯಾವುದು? 2003ರಲ್ಲಿ ಒಂದು ದೊಡ್ಡ ಸುಳಿವು ಸಿಕ್ಕಿತು. ಹರೆಯವೇ ಬಾರದ ಕೆಲವು ಕುಟುಂಬಗಳನ್ನು ಪರೀಕ್ಷಿಸಿದಾಗ, ಕಿಸ್‌ಪೆಪ್ಟಿನ್ ಎಂಬ ಸಣ್ಣ ಪ್ರೋಟೀನಿನ ಸೂಚನೆ ಹಿಡಿಯುವ ಜೀನಿನಲ್ಲಿ ದೋಷ ಇರುವುದು ಗೊತ್ತಾಯಿತು. ಜಿಎನ್‌ಆರ್‌ಎಚ್ ಜೀವಕೋಶಗಳನ್ನು ಎಬ್ಬಿಸುವವರಲ್ಲಿ ಕಿಸ್‌ಪೆಪ್ಟಿನ್ ಮುಖ್ಯವಾದದ್ದು.

ಇನ್ನೊಂದು ವಿಷಯ. ಈ ಜಿಎನ್‌ಆರ್‌ಎಚ್ ಒಂದೇ ಸಮನೆ ಸುರಿಯಬಾರದು. ಬಾಗಿಲು ತಟ್ಟಿದ ಹಾಗೆ ತಟ್ಟಿ, ನಿಂತು, ಮತ್ತೆ ತಟ್ಟಬೇಕು. 1970ರ ದಶಕದಲ್ಲಿ ಅರ್ನ್‌ಸ್ಟ್ ನೋಬಿಲ್ ಎಂಬ ವಿಜ್ಞಾನಿಯ ತಂಡ ರೀಸಸ್ ಕೋತಿಗಳಲ್ಲಿ ಇದನ್ನು ತೋರಿಸಿತು. ಗಂಟೆಗೊಮ್ಮೆ ಕೊಟ್ಟರೆ ಪಿಟ್ಯುಟರಿ ಕೆಲಸ ಮಾಡುತ್ತಿತ್ತು, ಬಿಡದೆ ಕೊಡುತ್ತಲೇ ಇದ್ದರೆ ಸುಮ್ಮನಾಗುತ್ತಿತ್ತು. ತೀರಾ ಬೇಗ ಹರೆಯ ಬಂದ ಮಕ್ಕಳಿಗೆ ಇವತ್ತು ಕೊಡುವ ಇಂಜೆಕ್ಷನ್ ನಿಂತಿರುವುದು ಇದರ ಮೇಲೇ. ತಡೆಯಬೇಕಾದ ಹಾರ್ಮೋನಿನಂಥದ್ದನ್ನೇ ಎಡೆಬಿಡದೆ ಕೊಟ್ಟು ಪಿಟ್ಯುಟರಿಯನ್ನು ಸುಮ್ಮನಾಗಿಸುತ್ತಾರೆ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಹರೆಯ ಮತ್ತೆ ತನ್ನ ದಾರಿ ಹಿಡಿಯುತ್ತದೆ.

ಇನ್ನು ಕಣ್ಣಿಗೆ ಕಾಣುವ ಕ್ರಮ. ಹುಡುಗಿಯರಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಮುಟ್ಟಲ್ಲ, ಎದೆಯ ಮೊಗ್ಗು. ಮೊಲೆತೊಟ್ಟಿನ ಹಿಂದೆ ಸಣ್ಣ ಗಟ್ಟಿ ಬಿಲ್ಲೆಯಂಥದ್ದು ಕೈಗೆ ಸಿಗುತ್ತದೆ. ಮುಟ್ಟಿದರೆ ನೋವು, ಬಟ್ಟೆ ತಾಗಿದರೂ ಕಿರಿಕಿರಿ. ಎಷ್ಟೋ ಸಲ ಅದು ಒಂದೇ ಕಡೆ ಬಂದು, ಇನ್ನೊಂದು ಕಡೆಗೆ ಕೆಲವು ತಿಂಗಳು ಬಿಟ್ಟು ಬರುತ್ತದೆ. ಒಂದೇ ಕಡೆ ಗಂಟು ಅಂದ ಕೂಡಲೇ ತಾಯಂದಿರು ಕ್ಯಾನ್ಸರ್ ಅಂತ ಹೆದರಿ ಹೋಗುತ್ತಾರೆ. ಈ ವಯಸ್ಸಿನಲ್ಲಿ ಅದು ಬಹುಮಟ್ಟಿಗೆ ಎದೆಯ ಮೊಗ್ಗೇ. ಸುಮ್ನೆ ಅನುಮಾನದ ಮೇಲೆ ಅದನ್ನು ಕೊಯ್ದು ತೆಗೆಸುವುದಂತೂ ಬೇಡವೇ ಬೇಡ. ಆ ಮೊಗ್ಗು ಹೋದರೆ ಆ ಕಡೆಯ ಎದೆ ಬೆಳೆಯುವುದೇ ಇಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಮೊಗ್ಗು ಬಂದ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು. ಅದಕ್ಕೆ ಆರು ತಿಂಗಳಿಂದ ವರ್ಷದ ಮುಂಚೆ ಸ್ವಲ್ಪ ಬಿಳಿ ಹೋಗಲು ಶುರುವಾಗುತ್ತದೆ. ತುರಿಕೆ, ಕೆಟ್ಟ ವಾಸನೆ ಇಲ್ಲದಿದ್ದರೆ ಅದು ಈಸ್ಟ್ರೋಜನ್ ಕೆಲಸ ಅಷ್ಟೇ. ಅಂದರೆ ಮುಟ್ಟು ಹೇಳದೆ ಕೇಳದೆ ಬರುವುದಿಲ್ಲ. ಮಗಳಿಗೆ ಮುಂಚೆಯೇ ತಿಳಿಸಿ ಹೇಳಲು ಎರಡು ವರ್ಷ ಸಿಗುತ್ತದೆ, ಅಲ್ವಾ? ಏನೂ ತಿಳಿಸದೆ ಇದ್ದು, ರಕ್ತ ನೋಡಿ ತನಗೇನೋ ದೊಡ್ಡ ಕಾಯಿಲೆ ಬಂತು ಅಂತ ಒಂದು ಮಗು ಬಚ್ಚಲಲ್ಲಿ ಅಳುವಂತಾದರೆ ಅದು ದೊಡ್ಡವರ ತಪ್ಪು. ಮೊದಲ ಒಂದೆರಡು ವರ್ಷ ಮುಟ್ಟು ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲ. 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ಎಷ್ಟೋ ತಿಂಗಳು ಅಂಡಾಣು ಬಿಡುಗಡೆಯೇ ಆಗಿರುವುದಿಲ್ಲ. ಆದರೆ ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸುವಷ್ಟು ಹೋಗುತ್ತಿದ್ದರೆ, ವಾರ ಕಳೆದರೂ ನಿಲ್ಲದಿದ್ದರೆ, ಡಾಕ್ಟರಿಗೆ ತೋರಿಸಬೇಕು.

ಮುಟ್ಟಾದ ಮೇಲೆ ಎತ್ತರ ಶುರುವಾಗುತ್ತದೆ ಅಂದುಕೊಂಡವರು ತುಂಬಾ ಜನ. ಉಲ್ಟಾ. ಹುಡುಗಿಯರು ದಡದಡ ಉದ್ದ ಆಗುವುದು ಮುಟ್ಟಿಗೆ ಮುಂಚೆ, ವರ್ಷಕ್ಕೆ 8-9 ಸೆಂಟಿಮೀಟರ್ ತನಕ. ಮೊದಲ ಮುಟ್ಟಾದ ಮೇಲೆ ಸಾಮಾನ್ಯವಾಗಿ ಬಾಕಿ ಇರುವುದು ಇನ್ನೊಂದು 5-7 ಸೆಂಟಿಮೀಟರ್.

ಹುಡುಗರಲ್ಲಿ ಮೊದಲ ಗುರುತು ಮೀಸೆಯೂ ಅಲ್ಲ, ದನಿಯೂ ಅಲ್ಲ. ವೃಷಣ ದೊಡ್ಡದಾಗುವುದು. ಇದು ಯಾರಿಗೂ ಕಾಣುವುದಿಲ್ಲ, ಹಾಗಾಗಿ "ನಮ್ಮವನಿಗೆ ಏನೂ ಆಗಿಲ್ಲ" ಅನ್ನುವವರ ಮಗನಿಗೆ ಆಗಲೇ ಶುರುವಾಗಿರುತ್ತದೆ. ಡಾಕ್ಟರ್ ಹತ್ತಿರ ಇದನ್ನು ಅಳೆಯಲು 12 ಮಣಿಗಳ ಒಂದು ಸರ ಇರುತ್ತದೆ. ಮೊಟ್ಟೆಯಾಕಾರದ ಮಣಿಗಳು, 1 ಮಿಲಿಲೀಟರಿನಿಂದ 25ರ ತನಕ. ಸ್ವಿಟ್ಜರ್ಲೆಂಡಿನ ಮಕ್ಕಳ ಡಾಕ್ಟರ್ ಆಂಡ್ರಿಯಾ ಪ್ರಾಡರ್ ಮಾಡಿದ್ದು. 4ರ ಮಣಿಯಷ್ಟು ಆದರೆ ಹರೆಯ ಶುರುವಾಯಿತು ಅಂತ ಲೆಕ್ಕ. ಆಮೇಲೆ ಶಿಶ್ನದ ಬೆಳವಣಿಗೆ, ಗುಪ್ತಾಂಗದ ಕೂದಲು, ಎತ್ತರ, ಕಂಕುಳ ಕೂದಲು. ಮೀಸೆ ಗಡ್ಡ ತೀರಾ ಕೊನೆಗೆ. ನಿದ್ದೆಯಲ್ಲಿ ವೀರ್ಯ ಹೋಗುವುದೂ ಈ ನಡುವೆ ಶುರುವಾಗುತ್ತದೆ. ಅದರಿಂದ ಶಕ್ತಿ ಕುಂದುವುದಿಲ್ಲ, ಕಾಯಿಲೆಯೂ ಅಲ್ಲ. ಚೀಟಿಗಳಲ್ಲಿ ಹುಡುಗರು ಅತಿ ಹೆಚ್ಚು ಭಯಪಟ್ಟು ಬರೆಯುವುದು ಇದರ ಬಗ್ಗೆಯೇ.

ದನಿಯ ವಿಚಾರ. ಟೆಸ್ಟೋಸ್ಟಿರಾನ್ ಏರಿದಂತೆ ಗಂಟಲಿನ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿತಂತು ಉದ್ದವೂ ದಪ್ಪವೂ ಆಗುತ್ತದೆ. ಹುಡುಗರ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹುಡುಗಿಯರದೂ ಇಳಿಯುತ್ತದೆ, ಆದರೆ ಎರಡು ಮೂರು ಸ್ವರ ಅಷ್ಟೇ. ಸ್ನಾಯುಗಳು ಹೊಸ ಅಳತೆಗೆ ಹೊಂದಿಕೊಳ್ಳುವ ತನಕ ಮಾತಿನ ನಡುವೆ ದನಿ ಒಡೆದು ಮೇಲಕ್ಕೆ ಹಾರುತ್ತದೆ. ಆಗ ನಗಬೇಡಿ, ದಯವಿಟ್ಟು. ಒಮ್ಮೆ ನಕ್ಕರೆ ಆ ಹುಡುಗ ತಿಂಗಳುಗಟ್ಟಲೆ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ.

ನಗಬಾರದ ಇನ್ನೊಂದು ಸಂಗತಿ ಇದೆ. ಸುಮಾರು ಅರ್ಧದಷ್ಟು ಹುಡುಗರಿಗೆ ಹರೆಯದ ನಡುವೆ ಎದೆ ಸ್ವಲ್ಪ ಉಬ್ಬುತ್ತದೆ. ಈಸ್ಟ್ರೋಜನ್ ಹುಡುಗರಲ್ಲೂ ಇರುತ್ತದೆ, ಕೆಲ ಕಾಲ ಅದರ ತೂಕ ಸ್ವಲ್ಪ ಏರುಪೇರಾಗುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ.

ಹುಡುಗರ ಎತ್ತರ ಏರುವುದು ಹುಡುಗಿಯರಿಗಿಂತ ಎರಡು ವರ್ಷ ತಡ. ಆ ಎರಡು ವರ್ಷ ಅವರು ಬಾಲ್ಯದ ವೇಗದಲ್ಲೇ ಬೆಳೆಯುತ್ತಾರೆ, ಆಮೇಲೆ ವರ್ಷಕ್ಕೆ 9-10 ಸೆಂಟಿಮೀಟರ್ ಏರುತ್ತಾರೆ. ಗಂಡಸರು ಸರಾಸರಿ ಸುಮಾರು 13 ಸೆಂಟಿಮೀಟರ್ ಹೆಚ್ಚು ಎತ್ತರ ಇರುವುದು ಇದರಿಂದ. ಮೊದಲು ಬೆಳೆಯುವುದು ಪಾದ, ಆಮೇಲೆ ಕಾಲು, ಕೊನೆಗೆ ಮುಂಡ. ಚಪ್ಪಲಿ ಪದೇಪದೇ ಸಣ್ಣದಾಗುತ್ತಿದ್ದರೆ ಎತ್ತರ ಹಿಂದೆಯೇ ಬರುತ್ತಿದೆ ಅಂತ ಅರ್ಥ.

ಬೆಳವಣಿಗೆ ನಿಲ್ಲಿಸುವುದು ಯಾರು ಗೊತ್ತಾ? ಹುಡುಗರಲ್ಲೂ ಈಸ್ಟ್ರೋಜನ್ನೇ. ಉದ್ದ ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿಯ ತಟ್ಟೆಯನ್ನು ಅದು ಮುಚ್ಚಿಬಿಡುತ್ತದೆ. 1994ರಲ್ಲಿ ವರದಿಯಾದ ಒಬ್ಬ ಗಂಡಸಿನ ಮೈಯಲ್ಲಿ ಈಸ್ಟ್ರೋಜನ್ ಇತ್ತು, ಆದರೆ ಅದನ್ನು ಗುರುತಿಸುವ ಗ್ರಾಹಕ ಕೆಲಸ ಮಾಡುತ್ತಿರಲಿಲ್ಲ. ಟೆಸ್ಟೋಸ್ಟಿರಾನ್ ಸರಿಯಾಗೇ ಇತ್ತು. ಆತನಿಗೆ 28 ವರ್ಷ, 204 ಸೆಂಟಿಮೀಟರ್ ಎತ್ತರ, ಇನ್ನೂ ಬೆಳೆಯುತ್ತಲೇ ಇದ್ದ. ಹರೆಯ ತೀರಾ ಬೇಗ ಬಂದ ಮಕ್ಕಳು ಮೊದಲು ತರಗತಿಯಲ್ಲೇ ಎತ್ತರವಾಗಿದ್ದು ಕೊನೆಗೆ ಗಿಡ್ಡ ಉಳಿಯುವುದು ಯಾಕೆ ಅಂತ ಈಗ ನಿಮಗೆ ಅರ್ಥವಾಗುತ್ತದೆ. ತಟ್ಟೆ ಬೇಗ ಮುಚ್ಚುತ್ತದೆ.

ಮೊಡವೆ, ಬೆವರಿನ ವಾಸನೆ ಇವುಗಳ ಬಗ್ಗೆ ಒಂದೇ ಮಾತು. 6-8 ವರ್ಷದಿಂದಲೇ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನದೇ ಹಾರ್ಮೋನುಗಳನ್ನು ಬಿಡಲು ತೊಡಗುತ್ತದೆ. ಇದು ಬೇರೆ ದಾರಿ. ಎಂಟು ವರ್ಷ ದಾಟಿದ ಮಗುವಿನ ಕಂಕುಳು ವಾಸನೆ ಬಂದ ಮಾತ್ರಕ್ಕೆ ಹರೆಯ ಬಂತು ಅಂದುಕೊಳ್ಳಬೇಡಿ.

ನಿದ್ದೆಯೂ ಬದಲಾಗುತ್ತದೆ. ನಿದ್ದೆಯ ಹಾರ್ಮೋನ್ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಕೆಲವರಲ್ಲಿ ಎರಡು ಗಂಟೆಯಷ್ಟು. ಹತ್ತು ಗಂಟೆಗೆ ಕಣ್ಣು ಮುಚ್ಚಿದರೂ ನಿದ್ದೆ ಹತ್ತದ ಮಗುವನ್ನು ಬೆಳಿಗ್ಗೆ ಸೋಮಾರಿ ಅನ್ನುವುದು ಅನ್ಯಾಯ. ಅವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು.

ಹಾಗಾದರೆ ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು? ಹುಡುಗಿಗೆ 8 ತುಂಬುವ ಮುಂಚೆ ಎದೆ ಬೆಳೆಯಲು ಶುರುವಾದರೆ, ಹುಡುಗನಿಗೆ 9 ತುಂಬುವ ಮುಂಚೆ ಗುರುತು ಕಂಡರೆ. 13 ಆದರೂ ಎದೆ ಬೆಳೆಯದಿದ್ದರೆ, 15 ಆದರೂ ಮುಟ್ಟು ಬಾರದಿದ್ದರೆ, ಹುಡುಗನಿಗೆ 14 ಆದರೂ ವೃಷಣ ದೊಡ್ಡದಾಗದಿದ್ದರೆ. ಕ್ರಮ ತಪ್ಪಿದರೂ ಹೋಗಿ: ಎದೆ ಬೆಳೆಯದೆ ರಕ್ತ ಕಂಡರೆ, ವರ್ಷಗಳ ಬದಲಾವಣೆ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತಿದ್ದರೆ. ಹರೆಯ ತಡವಾಗಿರುವ ಮಗುವಿಗೆ ವಾಸನೆಯೂ ಗೊತ್ತಾಗುತ್ತಿಲ್ಲ ಅನಿಸಿದರೆ ಅದನ್ನು ಮರೆಯದೆ ಹೇಳಿ. ಜಿಎನ್‌ಆರ್‌ಎಚ್ ಜೀವಕೋಶಗಳು ಗರ್ಭದಲ್ಲಿ ಮೂಗಿನ ಕಡೆಯಿಂದಲೇ ಮಿದುಳಿಗೆ ನಡೆದು ಹೋಗುತ್ತವೆ. ಆ ದಾರಿ ಕೆಟ್ಟರೆ ವಾಸನೆ, ಹರೆಯ ಎರಡೂ ಒಟ್ಟಿಗೆ ತಪ್ಪಬಹುದು.

ಡಾಕ್ಟರ್ ಸಾಮಾನ್ಯವಾಗಿ ಎಡಗೈಯ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರೆ. 14 ವರ್ಷದ ಹುಡುಗನ ಮೂಳೆ 11-12ರ ಹಾಗೆ ಕಂಡು, ಅಪ್ಪನಿಗೂ ತಡವಾಗಿದ್ದರೆ, ಹೆಚ್ಚಾಗಿ ಕಾಯುವುದೇ ಚಿಕಿತ್ಸೆ. ಹೋಗುವಾಗ ಮಗುವಿನ ಹಳೆಯ ಎತ್ತರ, ತೂಕ ಬರೆದಿಟ್ಟ ಪುಸ್ತಕ ಇದ್ದರೆ ತೆಗೆದುಕೊಂಡು ಹೋಗಿ. ಇಲ್ಲದಿದ್ದರೆ ಇವತ್ತೇ ಗೋಡೆಗೆ ನಿಲ್ಲಿಸಿ ಅಳೆದು, ತಾರೀಕು ಹಾಕಿ ಬರೆದಿಡಿ. ಆರು ತಿಂಗಳ ನಂತರ ಇನ್ನೊಮ್ಮೆ ಅಳೆದರೆ ಬೆಳವಣಿಗೆಯ ವೇಗ ಸಿಗುತ್ತದೆ. ಡಾಕ್ಟರ್ ಮೊದಲು ಕೇಳುವ ಲೆಕ್ಕಗಳಲ್ಲಿ ಅದೂ ಒಂದು.