ಮೊದಲು ಗ್ರೂಪ್, ಆಮೇಲೆ ಕ್ಲಿಕ್: ಪೀಪ್ ಸೈಟ್ ಝೀರೋ ಮಾಡಿದ ಐದು ವಾರ

ಜೂನ್ ಕೊನೆಗೆ ರೈಫಲ್ ಕೈಗೆ ಬಂತು. 10 ಮೀಟರ್ ಮ್ಯಾಚ್ ಏರ್ ರೈಫಲ್, ಜರ್ಮನಿಯದು, ಸೆಕೆಂಡ್ ಹ್ಯಾಂಡ್. ಪುಣೆಯ ಕೋಥ್ರೂಡ್ ಕಡೆಯ ನಮ್ಮ ಸಣ್ಣ ರೇಂಜಿನಲ್ಲೇ ಒಬ್ಬರು ಎಂಟು ವರ್ಷ ಬಳಸಿ, ಈಗ ಹೊಸದು ಕೊಂಡು ಇದನ್ನು ನನಗೆ ಕೊಟ್ಟರು. ಊರಿನಲ್ಲಿ, ಅಂದರೆ ಬೆಳಗಾವಿಯಲ್ಲಿ, ಎಲ್ಲರೂ ಕೇಳುವ ಮೊದಲ ಪ್ರಶ್ನೆ ಲೈಸೆನ್ಸ್‌ದು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ .177 ಇಂಚು (4.5 ಮಿ.ಮೀ.) ಬೋರಿನ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ನನ್ನದು ಎಂಟು ಜೂಲ್ ಸುತ್ತಮುತ್ತ.

ಹಳೆಯ ಒಡೆಯರ ಕಣ್ಣಿಗೆ, ಅವರ ಕೆನ್ನೆಗೆ ಹೊಂದಿಸಿದ ಪೀಪ್ ಸೈಟ್, ಅಂದರೆ ಸಣ್ಣ ತೂತಿನಲ್ಲಿ ಕಣ್ಣಿಟ್ಟು ಗುರಿ ನೋಡುವ ಸಾಧನ, ನನಗೆ ಒಗ್ಗುವುದಿಲ್ಲ. ಹಾಗಾಗಿ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಝೀರೋ ಮಾಡಲು, ಅಂದರೆ ಗುರಿಯಿಟ್ಟಲ್ಲೇ ಪೆಲೆಟ್ ಬೀಳುವಂತೆ ಸೈಟ್ ಹೊಂದಿಸಲು, ಹೊರಟೆ. ಬರೆದಿಟ್ಟದ್ದು ಇಲ್ಲಿದೆ.

ಜುಲೈ 6, 2025, ಭಾನುವಾರ

ಆಷಾಢಿ ಏಕಾದಶಿ. ರೇಂಜಿನಲ್ಲಿ ಐದೇ ಜನ, ಸಾಬೂದಾಣಿ ಖಿಚಡಿ ಮಾತ್ರ ಹತ್ತು ಜನಕ್ಕಾಗುವಷ್ಟು. ಬೆಳಿಗ್ಗೆಯಿಂದ ಸಣ್ಣ ಮಳೆ.

ಮೊದಲು ಹಿಂದಿನ ಸೈಟಿನ ಎರಡೂ ನಾಬ್‌ಗಳನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ತಿರುಗಿಸಿ ಕ್ಲಿಕ್ ಎಣಿಸಿದೆ. ಎಣಿಕೆಯ ಅರ್ಧಕ್ಕೆ ತಂದು ನಿಲ್ಲಿಸಿದರೆ ಸೈಟ್ ತನ್ನ ನಡುವಿಗೆ ಬರುತ್ತದೆ. ಅಲ್ಲಿಂದ ಶುರು ಮಾಡಿದರೆ ಎರಡೂ ಕಡೆಗೆ ಸಾಕಷ್ಟು ಜಾಗ ಉಳಿಯುತ್ತದೆ. ಮುಂದಿನ ಸೈಟಿನಲ್ಲಿ ಟಾರ್ಗೆಟ್ಟಿನ ಕಪ್ಪನ್ನು ನಡುವೆ ಕೂರಿಸಿ ನೋಡಲು ಅವರು ಹಾಕಿಟ್ಟಿದ್ದ 3.4 ಮಿ.ಮೀ. ರಿಂಗ್ ಹಾಗೇ ಇತ್ತು.

ಕಾಗದದ ಟಾರ್ಗೆಟ್‌ಗೆ ಐದು ಪೆಲೆಟ್. ಐದೂ ಒಂದು ರೂಪಾಯಿ ನಾಣ್ಯದಡಿ ಮುಚ್ಚುವಷ್ಟು ಹತ್ತಿರ ಬಿದ್ದವು. ಆದರೆ ಗ್ರೂಪಿನ, ಅಂದರೆ ಆ ಐದು ತೂತುಗಳ ಗುಂಪಿನ, ನಡು ಟಾರ್ಗೆಟ್ಟಿನ ಕೇಂದ್ರವಾದ ಹತ್ತರಿಂದ ಎಡಕ್ಕೆ 6 ಮಿ.ಮೀ., ಕೆಳಗೆ 4 ಮಿ.ಮೀ. ಬಲಕ್ಕೆ ತರಬೇಕಲ್ಲ ಎಂದು ನಾಬ್ ಮೇಲೆ ಆರ್ ಎಂದು ಬರೆದ ಕಡೆಗೆ 30 ಕ್ಲಿಕ್ ತಿರುಗಿಸಿದೆ. ಗ್ರೂಪ್ ಇನ್ನೂ ಎಡಕ್ಕೆ ಹೋಗಿ 12 ಮಿ.ಮೀ. ದೂರದಲ್ಲಿ ಕೂತಿತು.

ಈ ಅಕ್ಷರಗಳ ಮರ್ಮ ಆಗ ತಿಳಿಯಿತು. ನನ್ನ ಸೈಟಿನಲ್ಲಿ ಬರೆದಿರುವುದು ಗುಂಡು ಎಲ್ಲಿ ಹೋಗಬೇಕು ಎಂದಲ್ಲ, ಎಲ್ಲಿ ಹೋಗಿದೆ ಎಂದು. ಗುಂಡು ಬಲಕ್ಕೆ ಬಿದ್ದಿದ್ದರೆ ಆರ್ ಕಡೆ ತಿರುಗಿಸಬೇಕು, ಎಡಕ್ಕೆ ಬಿದ್ದಿದ್ದರೆ ಎಲ್ ಕಡೆ. ಎಚ್ ಅಂದರೆ ಜರ್ಮನ್ನಿನಲ್ಲಿ ಹೋಖ್, ಮೇಲೆ. ಟಿ ಅಂದರೆ ಟೀಫ್, ಕೆಳಗೆ. ಕೆಳಗೆ ಬಿದ್ದರೆ ಟಿ ಕಡೆ ತಿರುಗಿಸಿ ಮೇಲೆತ್ತಬೇಕು. ಬೇರೆ ಕಂಪನಿಯ ಸೈಟಿನಲ್ಲಿ ಇದು ತಿರುಗುಮುರುಗು ಇರಬಹುದು. ಐದು ಪೆಲೆಟ್ ಹೊಡೆದು ನೋಡಿಕೊಳ್ಳುವುದೇ ಸರಿ.

ಈ ತಪ್ಪಿನಿಂದ ಒಂದು ಲೆಕ್ಕವೂ ಸಿಕ್ಕಿತು: 30 ಕ್ಲಿಕ್‌ಗೆ 6 ಮಿ.ಮೀ., ಅಂದರೆ ಕ್ಲಿಕ್‌ಗೆ 0.2. ಎರಡು ಸೈಟ್‌ಗಳ ನಡುವೆ ಸುಮಾರು 80 ಸೆಂ.ಮೀ. ಅಂತರ, ಟಾರ್ಗೆಟ್ 10 ಮೀಟರ್ ದೂರ. ಹಾಗಾಗಿ ಒಂದು ಕ್ಲಿಕ್‌ಗೆ ಹಿಂದಿನ ಸೈಟ್ ಸರಿಯುವುದು 0.016 ಮಿ.ಮೀ., ತಲೆಗೂದಲಿನ ದಪ್ಪದ ಕಾಲು ಭಾಗದಷ್ಟು. ಬೆರಳಿಗೆ ತಾಗುವ ಆ ಪುಟ್ಟ ಟಿಕ್ ಹಿಂದೆ ಇಷ್ಟು ನಯವಾದ ಕೆಲಸವಿದೆ ಎಂದು ತಿಳಿದಾಗಿನಿಂದ ಆ ನಾಬ್ ಮುಟ್ಟುವ ರೀತಿಯೇ ಬೇರೆಯಾಗಿದೆ.

ಎಲ್ ಕಡೆ 60, ಟಿ ಕಡೆ 20. ಗ್ರೂಪ್ ನಡುವಿಗೆ ಬಂತು. ಮುಗಿಯಿತು ಎಂದುಕೊಂಡು ಮನೆಗೆ ಹೋದೆ.

ಜುಲೈ 13

ಮುಗಿದಿರಲಿಲ್ಲ. ಮೊದಲ ಹತ್ತು ಪೆಲೆಟ್ ನಡುವಿಗೆ, ಆಮೇಲಿನ ಹತ್ತು 3 ಮಿ.ಮೀ. ಬಲಕ್ಕೆ. ಒಂದು ಪೆಲೆಟ್ ಬಲಕ್ಕೆ ಬಿದ್ದ ಕೂಡಲೇ ಎರಡು ಕ್ಲಿಕ್, ಮುಂದಿನದು ಎಡಕ್ಕೆ ಬಿದ್ದರೆ ವಾಪಸ್ ಮೂರು. ಅರ್ಧ ಗಂಟೆಯಲ್ಲಿ ನಾಬ್ ಎಲ್ಲಿತ್ತು ಎಂಬ ಲೆಕ್ಕವೇ ತಪ್ಪಿತು. ಹಿಂದೆ ನಿಂತಿದ್ದ ಕೋಚ್ ಮರಾಠಿಯಲ್ಲಿ ಹೇಳಿದ್ದು ನಾಲ್ಕೇ ಶಬ್ದ: ‘ಆಧೀ ಗ್ರೂಪ್, ಮಗ್ ಕ್ಲಿಕ್.’ ಮೊದಲು ಗ್ರೂಪ್, ಆಮೇಲೆ ಕ್ಲಿಕ್. ಒಂದು ಪೆಲೆಟ್ ನನ್ನ ಕೈ ನಡುಗಿದ್ದನ್ನೂ ಹೇಳುತ್ತಿರಬಹುದು. ಐದು ಒಂದೇ ಕಡೆ ಕೂತರೆ ಮಾತ್ರ ಅದು ಸೈಟಿನ ಮಾತು.

ನಾಬ್ ಬಿಟ್ಟು ಬೇರೆ ಕಾರಣ ಹುಡುಕಿದೆ. ಮೊದಲ ಅನುಮಾನ ರೈಫಲ್ ವಾಲುತ್ತಿರುವುದರ ಮೇಲೆ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ, 10 ಮೀಟರ್ ದಾಟುವಷ್ಟರಲ್ಲಿ ಸುಮಾರು 17 ಮಿ.ಮೀ. ಕೆಳಗಿಳಿಯುತ್ತದೆ. ಟಾರ್ಗೆಟ್‌ನ ಕಪ್ಪು ವೃತ್ತವೇ 30.5 ಮಿ.ಮೀ. ಅಂದಮೇಲೆ ಇದು ಅದರ ಅರ್ಧಕ್ಕಿಂತ ಹೆಚ್ಚು. ಆ ಇಳಿತವನ್ನು ಸೈಟ್ ತುಂಬಿಕೊಡುವುದು ಬ್ಯಾರಲ್ಲನ್ನು ಕೊಂಚ ಮೇಲ್ಮುಖ ಮಾಡಿ. ರೈಫಲ್ 5 ಡಿಗ್ರಿ ಬಲಕ್ಕೆ ವಾಲಿದರೆ ಆ ಮೇಲ್ಮುಖವೂ ಬಲಕ್ಕೆ ವಾಲಿ ಪೆಲೆಟ್ 1.5 ಮಿ.ಮೀ. ಬಲಕ್ಕೆ ಬೀಳುತ್ತದೆ. ದಶಮಾಂಶ ಅಂಕದಲ್ಲಿ 0.25 ಮಿ.ಮೀ.ಗೆ 0.1 ಅಂಕ ಹೋಗುವುದರಿಂದ ಅಷ್ಟಕ್ಕೇ 0.6 ಅಂಕ ನಷ್ಟ.

ಸ್ಪಿರಿಟ್ ಲೆವೆಲ್ ಹಿಡಿದು ನೋಡಿದೆವು. ವಾಲುವುದೇನೋ ನಿಜ, ಆದರೆ ಎರಡು ಡಿಗ್ರಿ ಮಾತ್ರ. ಅದರಿಂದ 3 ಮಿ.ಮೀ. ಬರುವುದಿಲ್ಲ.

ಜುಲೈ 20

ಸಿಕ್ಕಿತು!

ಹಿಂದಿನ ಸೈಟ್ ರೈಫಲ್ಲಿನ ರೈಲ್, ಅಂದರೆ ಮೇಲ್ಭಾಗದ ಲೋಹದ ಪಟ್ಟಿಯ ಮೇಲೆ, ಎರಡು ಅಲೆನ್ ಸ್ಕ್ರೂಗಳಿಂದ ಕೂತಿದೆ. ಸೈಟಿನ ತಳದಿಂದ ರೈಲಿನ ಮೇಲಕ್ಕೆ ಹಾಯುವಂತೆ ಚೂಪು ಪೆನ್ಸಿಲ್‌ನಿಂದ ಒಂದು ಗೆರೆ ಎಳೆದೆ, ಮುಂದೊಂದು, ಹಿಂದೊಂದು. ಇಪ್ಪತ್ತು ಪೆಲೆಟ್ ಆದಮೇಲೆ ಬೋಲ್ಟ್ ತೆರೆದು, ಬ್ಯಾರಲ್‌ಗೆ ಸೇಫ್ಟಿ ಫ್ಲ್ಯಾಗ್ ಹಾಕಿ, ಭೂತಗನ್ನಡಿ ಹಿಡಿದೆ. ಮುಂದಿನ ಗೆರೆ ನೆಟ್ಟಗಿತ್ತು. ಹಿಂದಿನ ಗೆರೆ ನಡುವೆ ಮುರಿದಿತ್ತು. ಮೇಲಿನ ತುಂಡು ಕೆಳಗಿನದಕ್ಕಿಂತ ಬಲಕ್ಕೆ, ಕಾಲು ಮಿಲಿಮೀಟರ್‌ನಷ್ಟು. ಆ ಕಾಲು ಮಿಲಿಮೀಟರ್ 10 ಮೀಟರ್ ಆಚೆ 3 ಮಿ.ಮೀ. ಆಗುತ್ತದೆ, ಲೆಕ್ಕ ಕೂಡಿಸಿದಂತೆ ಕೂಡಿತು.

ಹಿಂದಿನ ಸ್ಕ್ರೂವಿನ ಥ್ರೆಡ್ ಸವೆದು ಹಿಡಿತ ಬಿಟ್ಟಿತ್ತು. ನಾಬ್ ತಿರುಗಿಸುವ ಬೆರಳಿನ ಒತ್ತಡಕ್ಕೇ ಸೈಟಿನ ಹಿಂಭಾಗ ಜರುಗುತ್ತಿತ್ತು. ಅಂದರೆ ಜುಲೈ 13ರಂದು ನಾನು ಸರಿಮಾಡಲು ತಿರುಗಿಸಿದ ಪ್ರತಿ ಕ್ಲಿಕ್ಕೂ ಅದನ್ನು ಇನ್ನಷ್ಟು ಕೆಡಿಸಿದೆ. ಸಂಜೆ ರವಿವಾರ ಪೇಟೆಗೆ ಹೋದರೆ ಭಾನುವಾರವಾದ್ದರಿಂದ ಅಂಗಡಿಗಳು ಮುಚ್ಚಿದ್ದವು. ಸೋಮವಾರ ಆಫೀಸ್ ಬಿಟ್ಟು ಬೋಹರಿ ಆಳಿಯಲ್ಲಿ ಅದೇ ಅಳತೆಯ ಸ್ಕ್ರೂ ಹುಡುಕಿ ತಂದೆ. ಎರಡನ್ನೂ ಸ್ವಲ್ಪಸ್ವಲ್ಪವಾಗಿ, ಒಂದಾದಮೇಲೊಂದು ಬಿಗಿ ಮಾಡಿದೆ. ಒಂದನ್ನೇ ಪೂರ್ತಿ ಬಿಗಿದರೆ ಸೈಟ್ ಓರೆಯಾಗಿ ಕೂರುತ್ತದೆ.

ಜುಲೈ 27

ಚಿಕ್ಕ ವಾರ. ಕೆನ್ನೆ ಪಟ್ಟಿಯನ್ನು 4 ಮಿ.ಮೀ. ಎತ್ತರಿಸಿದೆ. ಈಗ ತಲೆ ಇಟ್ಟ ಕೂಡಲೇ ಕಣ್ಣು ತೂತಿನ ನಡುವಿಗೆ ಬರುತ್ತದೆ, ಕತ್ತು ಚಾಚಬೇಕಿಲ್ಲ. ಗೆರೆ ಮುರಿದಿಲ್ಲ.

ಮಡಿಕೇರಿಯ ಗೆಳೆಯ ಹಡಪ್ಸರ್‌ನಲ್ಲಿದ್ದಾನೆ, ಅವನದು ತೂತಿನ ಬದಲು ಕಚ್ಚು ಇರುವ ಓಪನ್ ಸೈಟ್ ರೈಫಲ್. ಸೆಪ್ಟೆಂಬರ್ 3ರ ಕೈಲ್ ಪೋಳ್ದ್‌ಗೆ ಊರಿಗೆ ಹೋಗಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಮೊದಲು ಕಣ್ಣು ಪಳಗಿಸಿಕೊಳ್ಳಬೇಕಂತೆ. ಅವನಿಗೆ ಹೇಳಿದ್ದು: ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೆ ಸರಿಸು, ಮುಂದಿನದನ್ನು ಅದರ ಎದುರು ದಿಕ್ಕಿಗೆ. ಎಷ್ಟು ಎಂಬುದಕ್ಕೆ, ತಪ್ಪಿದ ದೂರವನ್ನು ಸೈಟ್‌ಗಳ ಅಂತರದಿಂದ ಗುಣಿಸಿ ಟಾರ್ಗೆಟ್ ದೂರದಿಂದ ಭಾಗಿಸು. ಅವನದು 45 ಸೆಂ.ಮೀ. ಅಂತರ, 10 ಮೀಟರ್ ದೂರಕ್ಕೆ 20 ಮಿ.ಮೀ. ತಪ್ಪು. ಉತ್ತರ 0.9 ಮಿ.ಮೀ. ಬಂತು, ಎರಡನೇ ಗ್ರೂಪಿಗೇ ಸರಿಹೋಯಿತು.

ಆಗಸ್ಟ್ 3

ಮೊನ್ನೆ 1ನೇ ತಾರೀಖಿಗೆ ಶೂಟರ್ ಸ್ವಪ್ನಿಲ್ ಕುಸಾಳೆ ಒಲಿಂಪಿಕ್ಸ್ ನಡೆದ ಪ್ಯಾರಿಸ್‌ನಲ್ಲಿ ಕಂಚು ಗೆದ್ದು ಒಂದು ವರ್ಷ. ನಮ್ಮ ನಿಪ್ಪಾಣಿಗೆ ಅಂಟಿಕೊಂಡ ಕೊಲ್ಹಾಪುರ ಜಿಲ್ಲೆಯವರು, ಇದೇ ಪುಣೆಯಲ್ಲಿ ಬಾಲೇವಾಡಿಯಲ್ಲಿ ಅಭ್ಯಾಸ ಮಾಡಿದವರು. 50 ಮೀಟರ್ ದೂರಕ್ಕೆ, ದುರ್ಬೀನಿಲ್ಲದೆ, ಇದೇ ಬಗೆಯ ಪೀಪ್ ಸೈಟಿನಲ್ಲಿ ಫೈನಲ್‌ನ 451.4. ರೈಫಲ್ ಹಿಡಿದಾಗಲೆಲ್ಲ ಆ ಅಂಕ ನೆನಪಾಗುತ್ತದೆ, ಎದೆ ತುಂಬುತ್ತದೆ.

ಇವತ್ತಿನ ಕೆಲಸ ಮುಂದಿನ ರಿಂಗ್. ನನ್ನ ಕಣ್ಣಿನಿಂದ ಅದು ಸುಮಾರು 90 ಸೆಂ.ಮೀ. ದೂರ. ಅಲ್ಲಿ ಟಾರ್ಗೆಟ್‌ನ ಕಪ್ಪು ಸುಮಾರು ಎರಡೂ ಮುಕ್ಕಾಲು ಮಿ.ಮೀ. ಅಗಲ ಕಾಣುತ್ತದೆ. 3.4ರ ರಿಂಗ್‌ನಲ್ಲಿ ಸುತ್ತ ಉಳಿಯುವ ಬಿಳಿ ತೀರಾ ತೆಳು. ಕಪ್ಪು ಒಮ್ಮೆ ರಿಂಗ್‌ಗೆ ಅಂಟುತ್ತದೆ, ಒಮ್ಮೆ ಬಿಡುತ್ತದೆ, ಕಣ್ಣು ಅದನ್ನೇ ಅಟ್ಟಿಸಿಕೊಂಡು ಹೋಗುತ್ತದೆ. 4.0 ಹಾಕಿದೆ. ಕಪ್ಪಿನ ಸುತ್ತ ಬೆಣ್ಣೆ ಬಳಿದಂತೆ ಸಮನಾದ ಬಿಳಿ ಉಂಗುರ. ಮೂರು ಉಸಿರಿನೊಳಗೆ ಗುಂಡು ಬಿಡಲಾಯಿತು, ಕಣ್ಣು ಆಯಾಸವಾಗಲಿಲ್ಲ. ಸಣ್ಣ ರಿಂಗ್ ಹೆಚ್ಚು ನಿಖರ ಎನ್ನುವವರು ರೇಂಜಿನಲ್ಲಿ ಬಹಳ ಮಂದಿ ಇದ್ದಾರೆ. ನನ್ನ ಕಣ್ಣಿನ ಮಟ್ಟಿಗೆ ನಾನು ಒಪ್ಪುವುದಿಲ್ಲ.

ರಿಂಗ್ ಬದಲಿಸಿದ ಮೇಲೆ ಮತ್ತೆ ಐದರ ಗ್ರೂಪ್. ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಬಲಕ್ಕೆ. ಇನ್ನೊಂದು ಐದು, ಅದೂ ಅಲ್ಲೇ. ಆಗ ಆರ್ ಕಡೆಗೆ ಮೂರು ಕ್ಲಿಕ್.

ಆಮೇಲೆ ಗಡಿಯಾರ ಇಟ್ಟು 60 ಪೆಲೆಟ್. ಮೊತ್ತ 588.3. ಜೂನ್‌ನಲ್ಲಿ ರೇಂಜಿನ ರೈಫಲ್‌ನಲ್ಲಿ 571 ದಾಟಿರಲಿಲ್ಲ. ಕೊನೆಯ ಹತ್ತೂ ಮೊದಲ ಹತ್ತೂ ಒಂದೇ ಜಾಗದಲ್ಲಿ ಬಿದ್ದಿವೆ, ಅದನ್ನು ನೋಡಲು ಕಾರ್ಡ್‌ಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದೆ. ಪೆಲೆಟ್ ಡಬ್ಬಿಯ ಮುಚ್ಚಳಕ್ಕೆ ಟೇಪ್ ಅಂಟಿಸಿ ಬರೆದಿದ್ದೇನೆ: ಪೆಲೆಟ್ 4.50, ರಿಂಗ್ 4.0, ಕೆನ್ನೆ ಪಟ್ಟಿ +4, ಪೆನ್ಸಿಲ್ ಗೆರೆ ನೋಡು.