ಟಪ್ ಅನ್ನುವ ನಾಯ್ಸ್ ಜೊತೆ ಗುದ್ದಾಟ: ಮೂರನೇ ವಾರ

ಪೈಥಾನ್‌ನಲ್ಲಿ ಬರೆದ ಒಎಫ್‌ಡಿಎಂ ಲಿಂಕ್ (ಡೇಟಾವನ್ನು ನೂರಾರು ಸಣ್ಣ ತರಂಗಗಳ ಮೇಲೆ ಹಂಚಿ ಕಳಿಸುವ ಸಂಪರ್ಕದ ಅಣಕು) ಕಡೆಗೂ ಮಾತು ಕೇಳುತ್ತಿದೆ. ಸೆಟಪ್ ಹಳೆಯದೇ: 256 ಸಬ್‌ಕ್ಯಾರಿಯರ್ (ಆ ಸಣ್ಣ ತರಂಗಗಳು), ಪ್ರತಿಯೊಂದರ ಮೇಲೂ ನಾಲ್ಕು ಚುಕ್ಕೆಗಳಲ್ಲಿ ಒಂದನ್ನು ಆರಿಸಿ ಡೇಟಾ ಹೇಳುವ ಕ್ಯೂಪಿಎಸ್‌ಕೆ, ಹಿನ್ನೆಲೆ ನಾಯ್ಸ್‌ಗಿಂತ 10 ಡಿಬಿ ಮೇಲೆ ಸಿಗ್ನಲ್. ಅದಕ್ಕೆ 100 ಸ್ಯಾಂಪಲ್‌ಗೆ ಸರಾಸರಿ ಒಂದರಂತೆ, ಹಿನ್ನೆಲೆಗಿಂತ ಸರಾಸರಿ 40 ಡಿಬಿ (ಶಕ್ತಿಯಲ್ಲಿ 10,000 ಪಟ್ಟು) ಜೋರಿನ, ಗಾತ್ರ ಏರಿಳಿಯುವ ಇಂಪಲ್ಸ್ ಬೆರೆಸುತ್ತೇನೆ. ಸ್ವಿಚ್ ಹಾಕಿದಾಗ ರೇಡಿಯೋದಲ್ಲಿ ಟಪ್ ಅನ್ನುತ್ತದಲ್ಲ, ಆ ಥರದ್ದು. ಹಾಗೇ ಬಿಟ್ಟರೆ ಎಫ್‌ಎಫ್‌ಟಿ (ಸ್ಯಾಂಪಲ್‌ಗಳಿಂದ ಸಬ್‌ಕ್ಯಾರಿಯರ್‌ಗಳನ್ನು ಬೇರ್ಪಡಿಸುವ ಲೆಕ್ಕ) ಒಂದು ಸ್ಯಾಂಪಲ್‌ನ ಗಲೀಜನ್ನು ಅಷ್ಟೂ ಸಬ್‌ಕ್ಯಾರಿಯರ್‌ಗಳಿಗೆ ಬಳಿಯುತ್ತದೆ.

ಮಿತಿ ದಾಟಿದ ಸ್ಯಾಂಪಲ್ ಸೊನ್ನೆ ಮಾಡುವ ಬ್ಲ್ಯಾಂಕಿಂಗ್ ಸುಲಭ ಅಂದುಕೊಂಡಿದ್ದೆ. ಎರಡು ವಾರ ಸುಮ್ನೆ ಹೋಯಿತು. ಮೊದಲ ತಪ್ಪು, ಅದನ್ನು 64 ಟ್ಯಾಪ್‌ನ (64 ಸ್ಯಾಂಪಲ್ ಬೆರೆಸಿ ಒಂದು ಮಾಡುವ) ಫಿಲ್ಟರ್ ಆದಮೇಲೆ ಇಟ್ಟಿದ್ದು. ಒಂದೇ ಸ್ಯಾಂಪಲ್‌ನ ಚೂಪು ಇಂಪಲ್ಸ್ ಫಿಲ್ಟರ್ ದಾಟುವಷ್ಟರಲ್ಲಿ 64 ಸ್ಯಾಂಪಲ್ ಉದ್ದದ ಬಾಲ ಬೆಳೆಸಿಕೊಂಡಿರುತ್ತದೆ. ತಲೆ ಕತ್ತರಿಸಿದರೂ ಬಾಲ ಉಳಿಯುತ್ತಿತ್ತು. ಫಿಲ್ಟರ್‌ಗಿಂತ ಮುಂಚೆ ತಂದಿಟ್ಟೆ, ಅರ್ಧ ಕಾಟ ಹೋಯಿತು.

ಉಳಿದರ್ಧ ಮಿತಿಯದ್ದು. ಆರ್‌ಎಂಎಸ್‌ನ (ಸರಾಸರಿ ಶಕ್ತಿಯ ವರ್ಗಮೂಲದ) 3 ಪಟ್ಟು ಅಂತ ಇಟ್ಟಿದ್ದೆ. ಆದರೆ ಆ ಆರ್‌ಎಂಎಸ್ ಲೆಕ್ಕದಲ್ಲಿ ಇಂಪಲ್ಸ್‌ಗಳೂ ಸೇರಿದ್ದವು! ಶಕ್ತಿಯ ಲೆಕ್ಕದಲ್ಲಿ ಹಿನ್ನೆಲೆ 1, ಸಿಗ್ನಲ್ 10, ಇಂಪಲ್ಸ್‌ನ ಸರಾಸರಿ ಪಾಲು 100. ಒಟ್ಟು 111. ಅಂದರೆ ಆರ್‌ಎಂಎಸ್ 3.3 ಇರಬೇಕಾದ ಕಡೆ 10.5. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ. ಹತ್ತರಲ್ಲಿ ಒಂದು ಇಂಪಲ್ಸ್ ಮಿತಿಯ ಕೆಳಗೇ ನುಸುಳುತ್ತಿತ್ತು.

ಈಗ ಮೀಡಿಯನ್ (ಸ್ಯಾಂಪಲ್‌ಗಳ ಎತ್ತರವನ್ನು ಸಾಲಾಗಿ ಜೋಡಿಸಿದರೆ ನಡುವಿನದ್ದು) ಬಳಸುತ್ತೇನೆ. ಒಎಫ್‌ಡಿಎಂ ಸಿಗ್ನಲ್ ಹೆಚ್ಚುಕಮ್ಮಿ ಗಾಸಿಯನ್ (ಗಂಟೆಯಾಕಾರದ ಹಂಚಿಕೆ) ಥರ ಕಾಣುವುದರಿಂದ ಮೀಡಿಯನ್ ಅನ್ನು 0.83ರಿಂದ ಭಾಗಿಸಿದರೆ ಸರಿಯಾದ ಆರ್‌ಎಂಎಸ್ ಸಿಗುತ್ತದೆ. ನೂರಕ್ಕೊಂದು ಇಂಪಲ್ಸ್ ಅದನ್ನು ಅಲುಗಾಡಿಸುವುದಿಲ್ಲ. ನುಸುಳುವುದು ಈಗ ನೂರರಲ್ಲಿ ಒಂದು, ಅದೂ ಸಣ್ಣದು.

ಖುಷಿಯಲ್ಲಿ ಹಿನ್ನೆಲೆ ನಾಯ್ಸ್ ಇಳಿಸಿ 64-ಕ್ಯೂಎಎಂ (ನಾಲ್ಕರ ಬದಲು ಒತ್ತೊತ್ತಾದ 64 ಚುಕ್ಕೆಗಳು) ಹಾಕಿ ನೋಡಿದೆ. ಮತ್ತೆ ಚುಕ್ಕೆಗಳೆಲ್ಲ ಮಸುಕು. 256ರಲ್ಲಿ 3 ಸ್ಯಾಂಪಲ್ ಸೊನ್ನೆಯಾದರೆ ಸಬ್‌ಕ್ಯಾರಿಯರ್‌ಗಳು ಒಂದರೊಳಗೊಂದು ಸೋರುತ್ತವೆ. ಆ ಸೋರಿಕೆ ಸಿಗ್ನಲ್‌ಗಿಂತ ಸುಮಾರು 19 ಡಿಬಿ ಮಾತ್ರ ಕೆಳಗೆ. ಕ್ಯೂಪಿಎಸ್‌ಕೆಗೆ ಇದೇನೂ ಜಾಸ್ತಿ ಅಲ್ಲ, 64-ಕ್ಯೂಎಎಂಗೆ ಪೆಟ್ಟು.

ಅದಕ್ಕೆ ಎರಡನೇ ಸುತ್ತು ಸೇರಿಸಿದ್ದೇನೆ. ಮೊದಲು ಡಿಕೋಡ್, ಬಂದ ಉತ್ತರದಿಂದ ಸಿಗ್ನಲ್ ಮತ್ತೆ ಕಟ್ಟಿ, ಸೊನ್ನೆ ಮಾಡಿದ ಜಾಗಗಳಿಗೆ ಮಾತ್ರ ತುಂಬಿ, ಪುನಃ ಡಿಕೋಡ್. ಚುಕ್ಕೆಗಳು ಚೆನ್ನಾಗಿ ಕೂಡಿಕೊಂಡವು. ಒಂದೇ ಸಿಂಬಲ್‌ನಲ್ಲಿ (256 ಸ್ಯಾಂಪಲ್‌ನ ಒಂದು ಕಂತಿನಲ್ಲಿ) 7-8 ಇಂಪಲ್ಸ್ ಬಿದ್ದಾಗ ಮಾತ್ರ ಮೊದಲ ಉತ್ತರವೇ ಹಾಳಾಗಿ, ತುಂಬುವುದೂ ತಪ್ಪೇ ಆಗುತ್ತಿದೆ. ಅಂಥ ಸಿಂಬಲ್‌ಗೆ ಎರಡನೇ ಸುತ್ತು ಬಿಟ್ಟುಬಿಡುವ ಒಂದು ಇಫ್ ಸಾಲು ಬರೆದು ಮಲಗುತ್ತೇನೆ.